ಹನ್ನೊಂದನೆಯ ಬಸ್ಕಿ

ಬಲು ಹಿಂದೆ, ಎರೆಮಣ್ಣಿನ ಸೀಮೆಯ ಒಂದೂರಲ್ಲಿ ಒಂದು ಗರಡಿ ಇತ್ತಂತೆ. ಆ ಗರಡಿಗೆ ಒಂದೇ ನಿಯಮ. ಹೆಗಲ ಮೇಲೆ ಭಾರ ಹೊತ್ತವನು ಸೊಂಟ ಮೊಣಕಾಲಿಗಿಂತ ಕೆಳಗಿಳಿಯುವ ತನಕ ಕೂರಬೇಕು, ಹಿಮ್ಮಡಿ ನೆಲ ಬಿಡಬಾರದು. ಅರ್ಧ ಕೂತು ಎದ್ದದ್ದು ಎದ್ದದ್ದಲ್ಲ. ಆ ನಿಯಮವನ್ನು ಒಂದು ದಿನ ಊರಿಗೆ ಊರೇ ಮುರಿಯಿತು. ಪ್ರೀತಿಯಿಂದಲೇ ಮುರಿಯಿತು ಅಂತಾರೆ.

ಗರಡಿಯ ಗುರು ಇಮಾಮಸಾಬ ವಸ್ತಾದಿ. ಊರಿಗೆಲ್ಲ ಅವನು ಮುತ್ಯಾ, ಅಂದರೆ ಅಜ್ಜ. ಗಾಡಿಯ ಕಬ್ಬಿಣದ ಅಚ್ಚಿಗೆ ಎರಡೂ ತುದಿಯಲ್ಲಿ ಬೀಸುಕಲ್ಲು ಸಿಕ್ಕಿಸಿ ಅವನೊಂದು ಭಾರ ಮಾಡಿದ್ದನಂತೆ. ಹೊರುವವನ ಬೆನ್ನ ಹಿಂದೆ ನೆಲದ ಮೇಲೆ ಎರಡು ಇಟ್ಟಿಗೆ ಪೇರಿಸಿಡುತ್ತಿದ್ದ. ಆ ಭಾರ ಹೊತ್ತು, ಕುಂಡಿ ಇಟ್ಟಿಗೆಗೆ ಮುಟ್ಟುವಂತೆ ಹನ್ನೊಂದು ಬಸ್ಕಿ ಹೊಡೆದವನಿಗೆ ಗರಡಿಯ ರುಮಾಲು. ಯಾರೂ ಹೊಡೆದಿರಲಿಲ್ಲ. ಎಲ್ಲರಿಗೂ ಕಲ್ಲು ಹೊರುವ ಅವಸರ, ಆಳಕ್ಕೆ ಕೂರುವುದು ಯಾರಿಗೂ ಬೇಡ.

ವಯಸ್ಸಾಗಿ ಮುತ್ಯಾನ ಕಣ್ಣು ಹೋದವು. ಒಬ್ಬನಿಗಾದರೂ ರುಮಾಲು ಸುತ್ತಿಯೇ ಹೋಗಬೇಕು ಎಂಬುದೊಂದೇ ಅವನಿಗೆ ಉಳಿದ ಆಸೆ.

ಆಗ ಬಂದವನು ನೇಕಾರರ ದುಂಡಪ್ಪ. ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತು ಕೂತು ಅವನ ಕೀಲುಗಳು ಬಿಗಿದುಹೋಗಿದ್ದವು. ಕೂತರೆ ಹಿಮ್ಮಡಿ ಮೇಲೇಳುತ್ತಿತ್ತು, ಮೊಣಕಾಲು ಒಳಗೆ ವಾಲುತ್ತಿತ್ತು. ಮುತ್ಯಾ ಕೈಯಿಂದ ತಡವಿ ನೋಡಿ, ವರ್ಷಪೂರ್ತಿ ಕಲ್ಲು ಮುಟ್ಟಬೇಡ ಅಂದನಂತೆ. ಹೆಗಲ ಮೇಲೆ ಬರೀ ಬಿದಿರು. ಬೆರಳು ಕೊಂಚ ಹೊರಗೆ, ಮೊಣಕಾಲು ಬೆರಳಿನ ದಾರಿಯಲ್ಲಿ, ಉಸಿರು ಹೊಟ್ಟೆಯೊಳಗೆ ಬಿಗಿ. ದಿನಾ ಬೆಳಗ್ಗೆ ಬೇವಿನ ಬೊಡ್ಡೆ ಹಿಡಿದು, ಪೂರ್ತಿ ಕೆಳಗೆ ಕೂತು, ಮೊಣಕೈಯಿಂದ ತೊಡೆ ಅಗಲಿಸಿ, ಒಂದು ರೊಟ್ಟಿ ಬೇಯುವಷ್ಟು ಹೊತ್ತು ಹಾಗೇ ಇರಬೇಕು. ಗೆಳೆಯರಿಗೆ ನಗುವೋ ನಗು.

“ಏ ಬಿದಿರು ಪೈಲವಾನಾ, ತತ್ತಿ ಇಡಾಕ ಕುಂತೀಯೇನಪಾ?”

ದುಂಡಪ್ಪ ಕೂತೇ ಇದ್ದ. ಮುತ್ಯಾ ಬಿಸಿ ಹರಳೆಣ್ಣೆಯಿಂದ ಅವನ ಕಣಕಾಲು ನೀವುತ್ತಿದ್ದ. ದಿನಕ್ಕೊಂದು ಕೂದಲಿನಷ್ಟು ಇಳಿಯಿತಂತೆ ಆ ಸೊಂಟ. ಇಳಿಯಿತು, ಇಳಿಯಿತು, ಇಟ್ಟಿಗೆ ಮುಟ್ಟಿತು. ಆಮೇಲೆಯೇ ಕಲ್ಲು.

ನಾಗರಪಂಚಮಿಯ ದಿನ ಮುತ್ಯಾನನ್ನು ಹೊರಸಿನ ಮೇಲೆ ಹೊತ್ತು ತಂದರು. ಅನ್ನ ಬಿಟ್ಟು ವಾರವಾಗಿತ್ತು. ದುಂಡಪ್ಪ ಅಚ್ಚು ಹೊತ್ತ. ಒಂದೊಂದು ಬಸ್ಕಿಗೂ ಮುತ್ಯಾ, ಮುಟ್ಟಿತೇನ್ರೋ ಅಂತ ಕೇಳುತ್ತಿದ್ದ, ಮುಟ್ಟಿತು ಅಂತ ಜನ ಕೂಗುತ್ತಿದ್ದರು. ಹತ್ತೂ ಮುಟ್ಟಿದ್ದವು. ಹನ್ನೊಂದರಲ್ಲಿ ದುಂಡಪ್ಪನ ತೊಡೆ ನಡುಗಿ, ಇಟ್ಟಿಗೆಗೆ ಇನ್ನೂ ಎರಡು ಬೆರಳಿನಷ್ಟು ಉಳಿದಿರುವಾಗಲೇ ಅವನು ಎದ್ದುಬಿಟ್ಟ.

ಜನರೆಲ್ಲ ನೋಡಿದರು. ಹೊರಸಿನ ಮೇಲಿದ್ದ ಮುತ್ಯಾನ ಮುಖವನ್ನೂ ನೋಡಿದರು. ನೋಡಿ, ಮುಟ್ಟಿತು ಅಂತ ಒಂದೇ ಗಂಟಲಲ್ಲಿ ಕೂಗಿದರು. ಮುತ್ಯಾ ಅಳುತ್ತ ರುಮಾಲು ಬಿಚ್ಚಿದ.

ಮುಂದಿನದನ್ನು ಒಬ್ಬೊಬ್ಬರು ಒಂದೊಂದು ಥರ ಹೇಳುತ್ತಾರೆ. ಮುತ್ಯಾ ಇನ್ನೂ ಮೂರು ಪಂಚಮಿ ಕಂಡ ಅನ್ನುವವರಿದ್ದಾರೆ, ಮೂರೇ ದಿನ ಅನ್ನುವವರೂ ಇದ್ದಾರೆ. ಇಂದಿಗೂ ಆ ಗರಡಿಯಲ್ಲಿ ನೋಡುವವರು ಬಾಯಿ ಬಿಡುವಂತಿಲ್ಲ. ಮುಟ್ಟಿತೋ ಇಲ್ಲವೋ, ಹೊತ್ತವನೇ ಹೇಳಬೇಕು. ಆದರೆ ರುಮಾಲು ಬಿಚ್ಚಿದ ಆ ಗಳಿಗೆಯದನ್ನು ಮಾತ್ರ ಎಲ್ಲರೂ ಒಂದೇ ಥರ ಹೇಳುತ್ತಾರೆ. ದುಂಡಪ್ಪ ಬಗ್ಗಿದ, ರುಮಾಲು ಹಿಡಿದಿದ್ದ ಮುತ್ಯಾನ ಎರಡು ಕೈಗಳನ್ನು ಮೆಲ್ಲಗೆ ಅವನ ಮಡಿಲಿಗೇ ಇಳಿಸಿದ.

“ಮುಟ್ಟಲಿಲ್ಲ ಮುತ್ಯಾ. ನಾಳೆ ಮತ್ತ ಹೊರತೀನಿ. ಅಲ್ಲೀತನಕ ಇರು.”