ಇಬ್ಬರಿಗೂ ಕಾಣದ ಚಿತ್ರ

ಹೊಳೆಯ ದಡದ ಒಂದು ಊರಿನಲ್ಲಿ ಆರಾಧ್ಯರು ಎಂಬ ಹಿರಿಯ ಫೋಟೋಗ್ರಾಫರ್ ಇದ್ದರು. ವಯಸ್ಸು ಎಪ್ಪತ್ತಾರು. ಊರೆಲ್ಲ ಫೋನಿನಲ್ಲಿ ಚಿತ್ರ ತೆಗೆಯುತ್ತಿದ್ದರೂ ಅವರು ಮಾತ್ರ ಕ್ಯಾಮೆರಾಕ್ಕೆ ರೀಲು ಹಾಕುವವರು. ಹಿತ್ತಲ ಕೋಣೆಯ ಕಿಟಕಿಗೆ ಕಪ್ಪು ಬಟ್ಟೆ ಬಿಗಿದು, ತಾವೇ ರೀಲು ತೊಳೆದು, ತಾವೇ ಪ್ರಿಂಟು ಹಾಕುವವರು.

ಅವರ ಮನೆಯಲ್ಲೇ ಇದ್ದು ಕಲಿಯಲು ಭಾರ್ಗವಿ ಬಂದಳು. ಹೊಸಬಳೇನಲ್ಲ. ಒಂಬತ್ತು ವರ್ಷ ಮದುವೆ ಮನೆಗಳಲ್ಲಿ ಫೋಟೋ ತೆಗೆದವಳು. ಒಂದು ಮದುವೆಗೆ ಮೂರು ಸಾವಿರ ಫೋಟೋ.

ಬಂದ ದಿನವೇ ಕೇಳಿದಳು.

"ಮೇಷ್ಟ್ರೇ, ಇಷ್ಟೆಲ್ಲ ಅನುಕೂಲ ಇರುವ ಕಾಲದಲ್ಲೂ ಫೋಟೋ ತೆಗೆಯುವವರು ಯಾಕೆ ರೀಲಿನ ಹಿಂದೆ ಹೋಗುತ್ತಾರೆ? ನನಗೂ ಆ ಸೆಳೆತ ಯಾಕೆ ಹತ್ತಿಕೊಂಡಿತು?"

"ನಿನಗೇನನ್ನಿಸುತ್ತೆ?"

"ಬಣ್ಣ ಹದವಾಗಿ ಬರುತ್ತೆ. ನೆರಳು ಮೆತ್ತಗೆ ಬೀಳುತ್ತೆ. ನೋಡಿದರೆ ಹಳೇ ಕಾಲದ್ದು ಅನ್ನಿಸುತ್ತೆ."

"ಅಷ್ಟನ್ನೂ ಈಗ ಫೋನೇ ಮಾಡಿಕೊಡುತ್ತಂತೆ."

ಭಾರ್ಗವಿ ಕೈಯಲ್ಲಿದ್ದ ಫೋನನ್ನು ಚೀಲಕ್ಕೆ ಹಾಕಿದಳು.

"ನೀನು ಕೇಳಿದ್ದು ಮನುಷ್ಯರ ವಿಷಯ. ಹೇಳಿದ್ದು ರೀಲಿನ ವಿಷಯ," ಎಂದು ಆರಾಧ್ಯರು ಒಳಗೆ ಹೋಗಿ ಒಂದು ಹಳೆಯ ಕ್ಯಾಮೆರಾ ತಂದು ಅವಳ ಕೈಗಿಟ್ಟರು. "ರೀಲಿನಲ್ಲಿ ಮೂವತ್ತಾರು ಫೋಟೋಕ್ಕೆ ಜಾಗ ಇದೆ. ಅದರಲ್ಲಿ ಒಂದು ಮುಖ ತೆಗೆದುಕೊಂಡು ಬಾ. ಒಂದೇ ಸಾಕು."

ಅವತ್ತು ಸಂಜೆಯೊಳಗೆ ಇಪ್ಪತ್ತು ಮುಗಿದವು. ಬಟ್ಟೆ ಒಗೆಯುವವರು, ಹರಿಗೋಲಿನ ಅಂಬಿಗ, ದನ ಮೀಯಿಸುವವರು. ಒಂದೊಂದು ಸಲ ಗುಂಡಿ ಒತ್ತಿದಾಗಲೂ ಅವಳು ಕ್ಯಾಮೆರಾ ಇಳಿಸಿ ಅದರ ಬೆನ್ನು ನೋಡುತ್ತಿದ್ದಳು. ಅಲ್ಲಿ ಕರೀ ಮುಚ್ಚಳ ಬಿಟ್ಟರೆ ಏನಿರುತ್ತೆ?

ಹೊಳೆಯ ಮೆಟ್ಟಿಲ ಮೇಲೆ ಕೂತಿದ್ದ ಆರಾಧ್ಯರು ಕೇಳಿದರು. "ಏನು ನೋಡ್ತಿದ್ದೀಯ?"

"ನನ್ನ ಕ್ಯಾಮೆರಾದಲ್ಲಿ ತೆಗೆದ ಚಿತ್ರ ಅಲ್ಲೇ ಕಾಣುತ್ತಲ್ಲ, ಅಭ್ಯಾಸ ಮೇಷ್ಟ್ರೇ."

"ನೀನು ಮುಚ್ಚಳ ನೋಡುವಾಗ ಆ ಅಂಬಿಗ ನಕ್ಕ. ಬಹಳ ಚೆನ್ನಾಗಿ ನಕ್ಕ."

ಭಾರ್ಗವಿ ಹೊಳೆಯ ಕಡೆ ತಿರುಗಿದಳು. ಅಂಬಿಗ ಆಗಲೇ ಹುಟ್ಟು ಹಾಕುತ್ತಾ ದೂರ ಹೋಗಿದ್ದ.

ಅದೇ ದಡದಲ್ಲಿ ಸಣ್ಣತಾಯಮ್ಮ ಎಂಬ ಹೆಂಗಸು ಮೀನು ಮಾರುತ್ತಿದ್ದಳು. ವಯಸ್ಸಿನಲ್ಲಿದ್ದಾಗ ಸ್ಟೌ ಸಿಡಿದು ಅವಳ ಎಡಗೆನ್ನೆ ಸುಟ್ಟಿತ್ತು. ಸೆರಗನ್ನು ಆ ಕಡೆಗೇ ಎಳೆದುಕೊಂಡಿರುವಳು. ಯಾರಾದರೂ ಫೋನ್ ಎತ್ತಿದರೆ, "ಎಲ್ಲಿ ತೋರ್ಸು," ಎಂದು ನೋಡಿ, ತನ್ನ ಎದುರಿಗೇ ಅಳಿಸುವವರೆಗೆ ಬಿಡುತ್ತಿರಲಿಲ್ಲ.

ಭಾರ್ಗವಿ ಅವಳ ಪಕ್ಕದಲ್ಲಿ ಹೋಗಿ ಕೂತಳು. ಮೊದಲ ದಿನ ಮಾತಿಲ್ಲ. ಮರುದಿನ ಬುಟ್ಟಿ ಎತ್ತಿಕೊಟ್ಟಳು. ಆಮೇಲೆ ಬಲೆ ಬಿಡಿಸುವುದಕ್ಕೂ ಕೂತಳು. ಹನ್ನೆರಡನೇ ದಿನ ಬೆಳಿಗ್ಗೆ, ವ್ಯಾಪಾರ ಮುಗಿದ ಮೇಲೆ, ಸಣ್ಣತಾಯಮ್ಮ ತಾನಾಗಿ ಸೆರಗು ಸರಿಸಿ, "ತೆಗಿ ಮತ್ತೆ," ಎಂದಳು.

ಭಾರ್ಗವಿ ಒಂದೇ ತೆಗೆದಳು.

"ತೋರ್ಸು."

"ಇದರಲ್ಲಿ ಈಗಲೇ ಕಾಣಲ್ಲ ತಾಯಮ್ಮ. ತೊಳೆದ ಮೇಲೇ ಕಾಣೋದು."

"ಅಂಗಾದ್ರೆ ನಿಂಗೂ ಕಾಣಲ್ವಾ?"

"ನನಗೂ ಕಾಣಲ್ಲ."

ಸಣ್ಣತಾಯಮ್ಮನಿಗೆ ನಗು ಬಂತು. "ಸರಿ ಹೋಯ್ತು. ಇಬ್ರೂ ಕುರುಡ್ರೇ."

"ಮೊದಲು ನಿಮಗೇ ತೋರಿಸ್ತೀನಿ. ಬೇಡ ಅಂದರೆ ಇನ್ಯಾರಿಗೂ ತೋರಿಸಲ್ಲ."

"ನೋಡವ್ವ, ನಿನ್ ಮಾತಿನ ಮೇಲೆ ಬಿಟ್ಟಿದ್ದೀನಿ," ಎಂದು ಅವಳು ಬುಟ್ಟಿ ಎತ್ತಿಕೊಂಡು ಹೋದಳು.

ಹಿತ್ತಲ ಕೋಣೆಯ ಕೆಂಪು ದೀಪದಲ್ಲಿ, ತಟ್ಟೆಯ ರಾಸಾಯನಿಕದೊಳಗಿನ ಕಾಗದದ ಮೇಲೆ ಆ ಮುಖ ನಿಧಾನವಾಗಿ ಮೂಡಿತು. ಮೊದಲು ಕಣ್ಣು. ಆಮೇಲೆ ಸುಟ್ಟ ಕೆನ್ನೆ, ಬೆಳಕಿಗೆ ನೇರವಾಗಿ. ಮುಚ್ಚಿಕೊಳ್ಳುವ ಮುಖವಲ್ಲ ಅದು. ಎದುರಿಗೆ ಕೂತವರನ್ನು ನಂಬಿದ ಮುಖ. ಭಾರ್ಗವಿ ಇನ್ನೂ ಹತ್ತಿರ ಬಗ್ಗಿ ನೋಡಿದಳು. ಒಂಬತ್ತು ವರ್ಷದಲ್ಲಿ ಇಂಥದ್ದೊಂದನ್ನು ತೆಗೆದಿರಲಿಲ್ಲ.

ಆರಾಧ್ಯರು ನೋಡಿದರು. "ಒಣಗಿಸು. ಒಣಗಿದ ಮೇಲೆ ತಾಯಮ್ಮನಿಗೆ ಕೊಟ್ಟು ಬಾ," ಎಂದಷ್ಟೇ ಹೇಳಿದರು.

ಮೈಸೂರಿನಲ್ಲಿ ಒಂದು ಫೋಟೋ ಸ್ಪರ್ಧೆಯೂ ಪ್ರದರ್ಶನವೂ ಇದ್ದವು. ಚಿತ್ರ ಕಳಿಸಲು ಅವತ್ತೇ ಕೊನೆಯ ದಿನ. ಒಣಗುತ್ತಿದ್ದ ಪ್ರಿಂಟನ್ನು ಭಾರ್ಗವಿ ಫೋನಿನಲ್ಲಿ ತೆಗೆದುಕೊಂಡಳು. ಆಯ್ಕೆಯಾಗುವುದೇನೂ ಖಂಡಿತವಲ್ಲ, ಆದರೆ ಆಗ ಕೇಳಿದರಾಯಿತು ಎಂದುಕೊಂಡು ಕಳಿಸಿಬಿಟ್ಟಳು. ಇನ್ನೂ ಆಯ್ಕೆಯೇ ಆಗಿಲ್ಲ, ಈಗಲೇ ಹೋಗಿ ಏನು ಹೇಳುವುದು ಎಂದು ದಡದ ಕಡೆಗೂ ಹೋಗಲಿಲ್ಲ.

ನಾಲ್ಕನೇ ದಿನ ಫೋನು ಬಂತು. ಅವಳು ಓಡುತ್ತಾ ಜಗಲಿಗೆ ಬಂದಳು.

"ಮೇಷ್ಟ್ರೇ, ಮೊದಲನೇ ಸ್ಥಾನ! ಹೆಬ್ಬಾಗಿಲಲ್ಲಿ ಆಳೆತ್ತರಕ್ಕೆ ಹಾಕ್ತಾರಂತೆ!"

"ತಾಯಮ್ಮ ಏನಂದಳು?"

ಭಾರ್ಗವಿ ಕಂಬ ಹಿಡಿದುಕೊಂಡು ನಿಂತಳು. "ಇನ್ನೂ ತೋರಿಸಿಲ್ಲ."

ಆರಾಧ್ಯರು ಎದ್ದು ಹೋಗಿ ಪ್ರಿಂಟನ್ನೂ ನೆಗೆಟಿವ್ ಪಟ್ಟಿಯನ್ನೂ ಒಂದು ಲಕೋಟೆಗೆ ಹಾಕಿ ತಂದರು.

"ಇದು ನನ್ನ ಮನೆಯಲ್ಲಿರುವುದು ಸರಿಯಲ್ಲ. ಯಾರದ್ದೋ ಅವರಿಗೆ ಮುಟ್ಟಿಸು."

ಸಣ್ಣತಾಯಮ್ಮ ಗುಡಿಸಲಿನ ಮುಂದೆ ಒಲೆ ಹೊತ್ತಿಸಿದ್ದಳು. ಕೈ ಒರೆಸಿಕೊಂಡು ಪ್ರಿಂಟು ಹಿಡಿದಳು. ಬಹಳ ಹೊತ್ತು ನೋಡಿದಳು. ಸುಟ್ಟ ಕೆನ್ನೆಯ ಮೇಲೆ ಬೆರಳಾಡಿಸಿದಳು, ಮೊದಲು ಕಾಗದದಲ್ಲಿ, ಆಮೇಲೆ ತನ್ನ ಮುಖದಲ್ಲಿ.

"ಚೆಂದಾಗೈತೆ," ಎಂದಳು.

ಅಲ್ಲಿಗೇ ಸುಮ್ಮನಿದ್ದುಬಿಡಬಹುದಿತ್ತು. ಭಾರ್ಗವಿಗೆ ಆಗಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದಳು.

ಸಣ್ಣತಾಯಮ್ಮ ಕೂಗಾಡಲಿಲ್ಲ. "ಎಷ್ಟು ಜನ ನೋಡವ್ರೆ?"

"ತೀರ್ಪು ಕೊಡುವ ಐದು ಜನ."

"ಅವತ್ತು ನಿನ್ ಮೊಕ ನೋಡ್ಕೊಂಡು ಕೂತಿದ್ದೆ ಕಣವ್ವ. ನಿನ್ ಹಿಂದೆ ಐದು ಜನ ನಿಂತವ್ರೆ ಅಂತ ಗೊತ್ತಿದ್ರೆ ಕೂರ್ತಿರ್ಲಿಲ್ಲ."

ಭಾರ್ಗವಿ ಲಕೋಟೆಯಿಂದ ನೆಗೆಟಿವ್ ಪಟ್ಟಿಯನ್ನೂ ತೆಗೆದು ಅವಳ ಮುಂದಿಟ್ಟಳು.

ಸಣ್ಣತಾಯಮ್ಮ ನೆಗೆಟಿವ್ ಎತ್ತಿ ಬೆಳಕಿಗೆ ಹಿಡಿದಳು. "ಇದ್ರಿಂದ ಎಷ್ಟು ಪಟ ಬೇಕಾದ್ರೂ ಮಾಡ್ಬೋದಾ?"

"ಮಾಡಬಹುದು."

ಅವಳು ಅದನ್ನು ಒಲೆಗೆ ಹಾಕಿದಳು. ಪಟ್ಟಿ ಮುರುಟಿತು. ಕರಕಲು ವಾಸನೆ ಬಂತು. ಪ್ರಿಂಟನ್ನು ಮಾತ್ರ ಎದೆಗವುಚಿಕೊಂಡು ಒಳಗೆ ಹೋಗಿ ತಡಿಕೆ ಬಾಗಿಲು ಎಳೆದುಕೊಂಡಳು.

ಭಾರ್ಗವಿ ಅಲ್ಲೇ ನಿಂತು ಮೈಸೂರಿಗೆ ಫೋನು ಮಾಡಿ ಚಿತ್ರ ವಾಪಸು ತೆಗೆದುಕೊಳ್ಳುತ್ತೇನೆ ಎಂದಳು. ಆ ಕಡೆಯವರು ಬೈದರು, ಆಮೇಲೆ ಬೇಡಿಕೊಂಡರು. ಅವಳು ಒಪ್ಪಲಿಲ್ಲ. ತನ್ನ ಫೋನಿನಿಂದಲೂ ಅಳಿಸಿ, ಮನೆಗೆ ಬಂದು ನಡೆದದ್ದನ್ನೆಲ್ಲ ಹೇಳಿದಳು.

"ಎಲ್ಲ ಕಡೆಯಿಂದಲೂ ಅಳಿಸಿದೆ ಮೇಷ್ಟ್ರೇ."

"ಆ ಐವರ ಕಣ್ಣಿಂದಲೂ?"

ಅವತ್ತು ಅವಳು ಊಟ ಮಾಡಲಿಲ್ಲ. ಊರಿಗೆ ಹೊರಟುಬಿಡೋಣ ಎಂದು ಚೀಲವನ್ನೂ ಕಟ್ಟಿದಳು.

"ಹೋಗ್ತೀನಿ ಮೇಷ್ಟ್ರೇ. ನನಗೆ ಈ ವಿದ್ಯೆ ಒಲಿಯಲ್ಲ."

"ಹೋಗು. ಹೋಗುವ ದಾರಿಯಲ್ಲೇ ದಡ ಸಿಗುತ್ತೆ. ಬೆಳಗಿನ ಹೊತ್ತು ಆ ಬುಟ್ಟಿ ಬಹಳ ಭಾರ ಇರುತ್ತೆ."

ಚೀಲ ಜಗಲಿಯಲ್ಲೇ ಉಳಿಯಿತು. ದಿನಾ ಬೆಳಿಗ್ಗೆ ಅವಳು ಕ್ಯಾಮೆರಾ ಇಲ್ಲದೆ ದಡಕ್ಕೆ ಹೋದಳು. ಸಣ್ಣತಾಯಮ್ಮ ಮಾತಾಡಿಸಲಿಲ್ಲ, ಹೋಗು ಎಂದೂ ಹೇಳಲಿಲ್ಲ. ಭಾರ್ಗವಿ ಬುಟ್ಟಿ ಎತ್ತುವಳು, ಬಲೆ ಬಿಡಿಸುವಳು, ಬರುವಳು. ಫೋಟೋ ಸಿಗಲಿ ಎಂಬ ಆಸೆ ಮೊದಲ ವಾರ ಇತ್ತು. ಎರಡನೇ ವಾರದ ಹೊತ್ತಿಗೆ ಅದೂ ಹೋಯಿತು. ಗಿರಾಕಿಗಳ ಕೂಡ ಸಣ್ಣತಾಯಮ್ಮ ಚೌಕಾಸಿ ಮಾಡುವುದನ್ನು ಕೇಳುತ್ತಾ ಕೂರುವುದೇ ಹಿತವೆನಿಸತೊಡಗಿತು.

ಹದಿನೇಳನೇ ದಿನ ಸಣ್ಣತಾಯಮ್ಮ ಇದ್ದಕ್ಕಿದ್ದಂತೆ ಕೇಳಿದಳು.

"ಎಲ್ಲವ್ವ ಆ ನಿನ್ ಡಬ್ಬ?"

"ಮನೆಯಲ್ಲಿದೆ."

"ನಿನ್ನೆ ಮಗಳು ಬಂದವ್ಳೆ. ಗೋಡೆ ಮೇಲಿನ ಪಟ ನೋಡಿ ಅತ್ಲು. ಯಾಕೆ ಅಂದೆ. 'ನಾನು ಹುಟ್ದಾಗ್ಲಿಂದ ನಂಗೆ ಈ ಮೊಕಾನೇ ಅಲ್ವಾ ಅವ್ವ ಗೊತ್ತಿರೋದು, ನಂಗೂ ಒಂದು ಕೊಡು' ಅಂತವ್ಳೆ." ಸಣ್ಣತಾಯಮ್ಮ ಬಲೆಯ ಗಂಟು ಬಿಡಿಸುತ್ತಾ ಮುಂದುವರಿಸಿದಳು. "ಆ ಪಟ್ಟೀನ ನಾನೇ ಸುಟ್ಟಾಕಿದ್ನಲ್ಲ. ಇನ್ನೊಂದು ತೆಗಿ. ಅವ್ಳನ್ನೂ ಪಕ್ಕ ಕೂರಿಸ್ಕತೀನಿ."

ಭಾರ್ಗವಿ ಏಳಲಿಲ್ಲ. "ತಾಯಮ್ಮ, ಈ ಸಲವೂ ತಕ್ಷಣ ಕಾಣಲ್ಲ."

"ಗೊತ್ತು ಹೋಗವ್ವ. ನನ್ ಮಗಳು ಮೂರು ಗಂಟೆ ಬಸ್ಸಿಗೆ ಹೋಗ್ತಾಳೆ, ಬೇಗ ತತ್ತಾ."

ತಾಯಿ ಮಗಳು ಗುಡಿಸಲಿನ ಮುಂದೆ ಕೂತರು. ಭಾರ್ಗವಿ ಎದುರಿಗೆ ಕೂತಳು. ತಾಯಿ ಏನೋ ಅಂದಳು. ಮಗಳು ನಗುತ್ತಾ ಅವಳ ಸೆರಗನ್ನು ಕೆನ್ನೆಯಿಂದ ಆಚೆ ಸರಿಸಿದಳು. ಎಡಗೆನ್ನೆಗೆ ತನ್ನ ಕೆನ್ನೆ ತಾಗಿಸಿ ಒರಗಿದಳು. ಭಾರ್ಗವಿ ಗುಂಡಿ ಒತ್ತಿದಳು. ಕ್ಯಾಮೆರಾ ಮಡಿಲಿಗೆ ಇಳಿಯಿತು, ಅವಳ ಕಣ್ಣು ಮಾತ್ರ ಅವರಿಬ್ಬರ ಮೇಲೇ ಇತ್ತು. ಅವರು ನಗುವುದು ನಿಲ್ಲುವವರೆಗೂ ನೋಡಿದಳು.

ಮನೆಗೆ ಬಂದಾಗ ಆರಾಧ್ಯರು ಅಡುಗೆಮನೆಯಲ್ಲಿ ಎಲೆ ಹಾಕುತ್ತಿದ್ದರು.

"ಎಷ್ಟು ತೆಗೆದೆ?"

"ಒಂದು."

"ಬಂದಿದೆಯಾ?"

"ಬಂದಿದೆ ಮೇಷ್ಟ್ರೇ."

"ಇನ್ನೂ ತೊಳೆದೇ ಇಲ್ಲವಲ್ಲ?"

ಭಾರ್ಗವಿ ಕ್ಯಾಮೆರಾವನ್ನು ಗೂಡಿನಲ್ಲಿಟ್ಟಳು. ಹೊಳೆಯ ಕಡೆ ಒಮ್ಮೆ ನೋಡಿದಳು.

"ಇಲ್ಲ, ತೊಳೆದಿಲ್ಲ. ಆದರೆ ಈ ಸಲ ಮುಚ್ಚಳ ನೋಡಲಿಲ್ಲ, ಅವರ ನಗುವನ್ನೇ ನೋಡಿದೆ. ಬಂದಿದೆ."

"ಹಾಗಾದರೆ ಮೊದಲು ಕೈ ತೊಳೆದುಕೊಂಡು ಊಟಕ್ಕೆ ಬಾ," ಎಂದರು ಆರಾಧ್ಯರು.