ನೆರಳಿನಲ್ಲಿ ಬಿಚ್ಚಿದ ಎಲೆ

"ಗುರುಗಳೇ, ನಾನು ಯಾವುದನ್ನೂ ಬದಲಿಸಿಲ್ಲ. ಆದರೂ ದಿನದಿಂದ ದಿನಕ್ಕೆ ಒಳಗೆ ಬತ್ತುತ್ತಿದ್ದೇನೆ. ಏಕೆ?"

ಹೀಗೆ ಕೇಳಿದವನು ನಿಂಬೆಣ್ಣನೆಂಬ ಶಿಷ್ಯ. ಅವನ ಪ್ರಶ್ನೆ ಅರ್ಥವಾಗಬೇಕಾದರೆ ಒಂದು ವಿಷಯ ತಿಳಿದಿರಬೇಕು. ಮಠದಲ್ಲಿ ಅವನಿಗೆ ಮುರಿಗೆಪ್ಪನೆಂಬ ಜೊತೆಗಾರನಿದ್ದ. ಒಂಬತ್ತು ವರ್ಷ ಇಬ್ಬರೂ ಒಂದೇ ಕೋಣೆಯಲ್ಲಿ ಓದಿದರು, ಒಂದೇ ಸಾಲಿನಲ್ಲಿ ಕುಳಿತು ಉಂಡರು. ಕಳೆದ ವರ್ಷ ಮುರಿಗೆಪ್ಪ ಜ್ವರದಿಂದ ತೀರಿಕೊಂಡ. ನಿಂಬೆಣ್ಣ ಅವನ ಚಾಪೆಯನ್ನು ಮಡಚಲಿಲ್ಲ. ಅವನ ಜೊತೆ ಓದುತ್ತಿದ್ದ ಹೊತ್ತಿಗೇ ಓದುತ್ತಿದ್ದ, ಈಗ ಒಬ್ಬನೇ. ಬದಲಿಸಿಲ್ಲ ಎಂದು ಅವನು ಹೇಳಿದ್ದು ಇದನ್ನೇ.

ಗುರುಗಳು ಈ ಕತೆ ಹೇಳಿದರು.

ಒಬ್ಬ ರೈತನಿಗೆ ವೀಳ್ಯದೆಲೆಯ ತೋಟವಿತ್ತು. ತೋಟದ ಮೂಲೆಯಲ್ಲಿ ಒಂದು ದೊಡ್ಡ ನೇರಳೆ ಮರವಿತ್ತು. ಅದರ ನೆರಳಿನಲ್ಲಿ ಕಂಬ ನಿಲ್ಲಿಸಿ ಅವನ ಹೆಂಡತಿ ಒಂದು ಬಳ್ಳಿ ಹಬ್ಬಿಸಿದ್ದಳು. ಅದು ಮಾರುವುದಕ್ಕಲ್ಲ, ಮನೆಗೆ. ಊಟವಾದ ಮೇಲೆ ಅದರಿಂದ ಎರಡು ಎಲೆ ಕೊಯ್ದು ತರುತ್ತಿದ್ದಳು, ಅವನಿಗೊಂದು, ತನಗೊಂದು. ಒಂದು ಚಳಿಗಾಲ ಅವಳು ತೀರಿಕೊಂಡಳು. ಮಕ್ಕಳಿರಲಿಲ್ಲ. ಅಂದಿನಿಂದ ಅವನು ಆ ಬಳ್ಳಿಯ ಎಲೆ ಕೊಯ್ಯಲಿಲ್ಲ. ಅದರಲ್ಲಿದ್ದ ಎಲೆಗಳೆಲ್ಲ ಅವಳಿದ್ದಾಗ ಬಿಚ್ಚಿಕೊಂಡಂಥವು, ಅವಳು ಕಂಡಂಥವು. ದಿನಕ್ಕೊಮ್ಮೆ ಹೋಗಿ ಅವುಗಳ ಎದುರು ಕುಳಿತು ಬರುತ್ತಿದ್ದ. ಬೇರೆ ಯಾರೊಂದಿಗೂ ಅವನಿಗೆ ಮಾತಿರಲಿಲ್ಲ.

ಬೇಸಿಗೆಯ ಮೊದಲ ಗಾಳಿಮಳೆಗೆ ನೇರಳೆ ಮರ ಉರುಳಿತು. ನಡುಹಗಲಿನ ಬಿಸಿಲು ನೇರವಾಗಿ ಬಳ್ಳಿಯ ಮೇಲೆ ಬಿತ್ತು. ಕೆಲವೇ ದಿನಗಳಲ್ಲಿ ಎಲೆಗಳು ಬಿಳಿಚಿಕೊಂಡವು, ಅಂಚು ಕಂದಿತು.

ಇಲ್ಲಿ ಎಲೆಯ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಇಲ್ಲದಿದ್ದರೆ ತಪ್ಪೆಲ್ಲ ಬಿಸಿಲಿನದೆಂದು ನೀನು ತಿಳಿಯುತ್ತೀ. ಗಿಡದ ಅಡುಗೆ ನಡೆಯುವುದು ಎಲೆಯಲ್ಲಿ. ನೀರು ಬೇರಿನಿಂದ ಬರುತ್ತದೆ, ಗಾಳಿ ಎಲೆಯ ಸಣ್ಣ ರಂಧ್ರಗಳಿಂದ ಒಳಗೆ ಬರುತ್ತದೆ, ಬೆಳಕೇ ಬೆಂಕಿ. ನೆರಳಿನಲ್ಲಿ ಹುಟ್ಟಿದ ಎಲೆ ಅಗಲವಾಗಿ, ತೆಳುವಾಗಿ, ಕಡುಹಸುರಾಗಿ ಬೆಳೆಯುತ್ತದೆ. ಅಲ್ಲಿ ಬೆಳಕು ಕಡಿಮೆ, ಸಿಕ್ಕಿದ್ದನ್ನೆಲ್ಲ ಹಿಡಿದುಕೊಳ್ಳಬೇಕು. ಅದಕ್ಕಾಗಿಯೇ ಹಾಗೆ ಬೆಳೆಯುತ್ತದೆ. ಅಂಥ ಎಲೆಯ ಮೇಲೆ ಒಮ್ಮೆಲೇ ತುಂಬ ಬೆಳಕು ಬಿದ್ದರೆ ಅದನ್ನೆಲ್ಲ ಅಡುಗೆಗೆ ಬಳಸಲು ಅದಕ್ಕೆ ಆಗುವುದಿಲ್ಲ. ಮಿಕ್ಕ ಬೆಂಕಿ ಒಲೆಯನ್ನೇ ಸುಡುತ್ತದೆ. ಎಲೆ ಹೊಂದಿಕೊಳ್ಳಲು ನೋಡುತ್ತದೆ, ಇಲ್ಲವೆಂದಲ್ಲ. ಆದರೆ ಅದರ ಮೈ ಆಗಲೇ ಬಲಿತಿರುತ್ತದೆ, ಹೆಚ್ಚು ಬದಲಾಗಲಾರದು. ಬಿಸಿಲಿನಲ್ಲೇ ಹುಟ್ಟುವ ಎಲೆ ಹಾಗಲ್ಲ. ಅದು ಚಿಕ್ಕದಾಗಿ, ದಪ್ಪವಾಗಿ, ತಿಳಿಹಸುರಾಗಿ ಬರುತ್ತದೆ. ಆ ಬೆಳಕು ಅದಕ್ಕೆ ಹೆಚ್ಚಾಗುವುದಿಲ್ಲ.

ರೈತ ತೆಂಗಿನ ಗರಿಯ ಚಪ್ಪರ ಕಟ್ಟಿದ. ಮರವಿಲ್ಲದ ಮೂಲೆ, ಗಾಳಿ ಎರಡು ಸಲ ಕಿತ್ತೊಯ್ದಿತು. ಆಮೇಲೆ ತಾನೇ ಕೊಡೆ ಹಿಡಿದು ಕುಳಿತ. ಬಿಸಿಲು ಏರಿದಾಗ ಬರುವನು, ಇಳಿದಾಗ ಏಳುವನು. ಕೊಡೆಯ ನೆರಳು ತಲುಪದ ಕಡೆ, ಬಳ್ಳಿಯ ಗೆಣ್ಣಿನಲ್ಲಿ ಹೊಸ ಕುಡಿಗಳು ಒಡೆದವು. ಅವನು ಅವುಗಳನ್ನು ಉಗುರಿನಿಂದ ಚಿವುಟಿ ಹಾಕಿದ. ಇದನ್ನು ಹುಚ್ಚುತನ ಎನ್ನಬೇಡ. ಎಲೆತೋಟದವರು ಪಕ್ಕದ ಕುಡಿಗಳನ್ನು ಚಿವುಟುವುದುಂಟು. ಬಳ್ಳಿಯ ಸತ್ವ ಚದುರದೆ ಇರುವ ಎಲೆಗಳಿಗೇ ಹೋಗಲಿ ಎಂದು ಹಾಗೆ ಮಾಡುತ್ತಾರೆ. ಅವನು ಕಲಿತ ಕೆಲಸ ಅದು.

ಪಕ್ಕದ ತೋಟದ ಮುದುಕಿ ಬೇಲಿಯ ಆಚೆ ನಿಂತು ನೋಡಿದಳು.

"ಅಲ್ಲೋ ತಮ್ಮಾ, ಬಾಡಿದ ಎಲೆಗೆ ಕೊಡೆ ಹಿಡಿದು ಕೂತಿದ್ದೀಯಲ್ಲ, ಅದೇನು ಮೆರವಣಿಗೆ ಹೊರಟ ಮದುಮಗನೇ?"

"ನಗಬೇಡ ಅವ್ವಾ. ಹಸುರು ಇನ್ನೂ ಸ್ವಲ್ಪ ಉಳಿದಿದೆ."

"ಎಲೆ ಹೋದರೆ ಹೋಗಲಿ. ಕುಡಿಯನ್ನು ಯಾಕೆ ಚಿವುಟುತ್ತೀ? ಅದಕ್ಕೆ ಈ ಬಿಸಿಲೇ ಹುಟ್ಟೂರು. ಬಿಡು, ತಾನಾಗಿ ಬದುಕಿಕೊಳ್ಳುತ್ತದೆ."

ರೈತ ಕೊಡೆಯನ್ನು ಕೈಯಿಂದ ಕೈಗೆ ಬದಲಿಸಿದ.

"ಈ ಕುಡಿಯನ್ನು ಅವಳು ನೋಡಿಲ್ಲ ಅವ್ವಾ" ಎಂದ.

ಮುದುಕಿ ಬೇಲಿ ಬಿಟ್ಟು ತನ್ನ ಕೆಲಸಕ್ಕೆ ಹೋದಳು.

ಬಳ್ಳಿ ಸುಮ್ಮನಿರಲಿಲ್ಲ. ಚಿವುಟಿದ ಗೆಣ್ಣು ಬಿಟ್ಟು ಇನ್ನೊಂದರಲ್ಲಿ ಕುಡಿಯೊಡೆಯಿತು, ಅದನ್ನೂ ಚಿವುಟಿದ. ಮತ್ತೊಂದರಲ್ಲಿ ಒಡೆಯಿತು. ಹಳೆಯ ಎಲೆಗಳಿಗೆ ಅಡುಗೆ ಮಾಡುವ ಶಕ್ತಿ ಇರಲಿಲ್ಲ, ಹೊಸ ಎಲೆಗಳನ್ನು ಅವನು ಬಿಚ್ಚಿಕೊಳ್ಳಲು ಬಿಡಲಿಲ್ಲ. ಅಂದರೆ ಬಳ್ಳಿಗೆ ಎಲ್ಲಿಂದಲೂ ಊಟವಿಲ್ಲ. ಬೇರಿನಲ್ಲಿ ಕೂಡಿಟ್ಟುಕೊಂಡದ್ದನ್ನು ಖರ್ಚುಮಾಡುತ್ತಾ ಅದು ಒಂದೂವರೆ ತಿಂಗಳು ಉಳಿಯಿತು. ಕಡೆಗೆ ಕುಡಿ ಒಡೆಯುವುದು ನಿಂತಿತು. ಕುಡಿ ಒಡೆಯಲಿಲ್ಲವೆಂದು ರೈತನಿಗೆ ಅಂದು ಸಮಾಧಾನವೇ ಆಯಿತು. ಇನ್ನು ಸತ್ವವೆಲ್ಲ ಎಲೆಗಳಿಗೆ ಹೋಗುತ್ತದೆಂದುಕೊಂಡ. ಮರುವಾರ ಕೊನೆಯ ಎಲೆ ಉದುರಿತು. ಅವನು ಕೊಡೆ ಮಡಚಿ ಮನೆಗೆ ಹೋದ. ಆ ಮೂಲೆಯಲ್ಲಿ ಈಗ ಬರಿಯ ಕಂಬವಿದೆ.

ಗುರುಗಳು ಇಲ್ಲಿಗೆ ಕತೆ ನಿಲ್ಲಿಸಿದರು.

ರೈತನ ಮೇಲೆ ನಿಂಬೆಣ್ಣನಿಗೆ ಸಿಟ್ಟು ಬರಲಿಲ್ಲ, ಮರುಕವೇ ಬಂದಿತು.

"ಪಾಪ, ಅವನು ಮಾಡಿದ್ದೆಲ್ಲ ಪ್ರೀತಿಯಿಂದಲೇ ಅಲ್ಲವೇ ಗುರುಗಳೇ?" ಎಂದು ಕೇಳಿದ.

ಗುರುಗಳು ಹೌದೆಂದು ತಲೆಯಾಡಿಸಿದರು. ಆಮೇಲೆ ಅವನನ್ನೇ ನೋಡುತ್ತಾ ಹೇಳಿದರು:

"ನಿನ್ನೆ ಊಟದ ಸಾಲಿನಲ್ಲಿ ನಿನ್ನ ಪಕ್ಕ ಕುಳಿತ ಹೊಸಬನನ್ನು, ಇದು ಮುರಿಗೆಪ್ಪನ ಜಾಗ ಎಂದು ಎಬ್ಬಿಸಿ ಕಳಿಸಿದೆಯಲ್ಲ, ಅವನ ಹೆಸರೇನು?"