ಜೋಡಿಯಿಲ್ಲದ ಕಡ್ಡಿ

“ಮದುವೆಮನೆಯ ಊರಿಗೆ ದಾರಿ ಯಾವುದಪ್ಪ?” ಎಂದು ಗುರುತಾಯಿ ಕುರಿ ಕಾಯುವವನನ್ನು ಕೇಳಿದರು.

“ಬಂದ ದಾರೀನೇ ತಾಯಿ. ಊರಿಗೆ ಬೆನ್ನು ಹಾಕಿಕೊಂಡು ನಡೀತಿದ್ದೀರಿ.”

ಗುರುತಾಯಿ ಹಲವು ಸೀಮೆ ಸುತ್ತಿದವರು. ದಾರಿ ತಪ್ಪುವುದು ಅವರಿಗೆ ಹೊಸದಲ್ಲ. ಆದರೆ ಈ ಸಲ ಮುಂದೆ ನಡೆದವಳು ಶಿಷ್ಯೆ, ಅದೇ ಊರಿನಲ್ಲಿ ಹುಟ್ಟಿದವಳು.

“ಹುಟ್ಟಿದೂರಿನ ದಾರಿ ಮರೆತೆಯಾ?”

“ಮರೆತಿಲ್ಲ ಅಮ್ಮ. ತಂಗಿಯ ಮದುವೆಗೆ ಹೋಗಲು ಕಾಲು ಏಳುತ್ತಿಲ್ಲ. ಮನೆಯಲ್ಲಿ ಎಲ್ಲರೂ ಜೋಡಿ. ಬಂದ ಹೆಂಗಸರು ಗಂಡ ಹೆಂಡತಿ ಎಂದು ಎಣಿಸುತ್ತಾ ಬಂದು ನನ್ನ ಹತ್ತಿರ ನಿಲ್ಲುತ್ತಾರೆ. ಎಣಿಕೆಯಲ್ಲಿ ಹೆಚ್ಚಾಗಿ ಉಳಿದವಳಿಗೆ ಅಲ್ಲೇನು ಕೆಲಸ?”

ಗುರುತಾಯಿ ಕಂಕುಳಲ್ಲಿದ್ದ ಬುಟ್ಟಿಯನ್ನು ಕೆಳಗಿಟ್ಟು ಕುಳಿತರು. ಹಿಂದೊಮ್ಮೆ ಶಿಷ್ಯೆಯ ತಾಯಿ ದಾರಿಗೆಂದು ರೊಟ್ಟಿ ತುಂಬಿಕೊಟ್ಟಿದ್ದ ಬುಟ್ಟಿ ಅದು. ಇನ್ನೂ ಹಿಂದಿರುಗಿಸಿರಲಿಲ್ಲ.

“ಜೋಡಿಯ ಲೆಕ್ಕ ಎಂದೂ ತಪ್ಪುವುದಿಲ್ಲ ಅಂದುಕೊಂಡಿದ್ದೀಯ. ಅದೂ ನನ್ನ ಹಾಗೆ ದಾರಿ ತಪ್ಪುತ್ತದೆ. ಕೇಳು.

“ಒಬ್ಬ ವ್ಯಾಪಾರಿ ಇದ್ದ. ಅವನಿಗೆ ಎತ್ತು, ದೀಪ, ಕೊನೆಗೆ ಎಲೆಯ ಮೇಲಿನ ಹೋಳಿಗೆಯೂ ಜೋಡಿಯಾಗಿಯೇ ಇರಬೇಕು. ಅವನು ಬುಟ್ಟಿ ಹೆಣೆಯುವವಳ ಬಳಿ ಹೋದ. ಅವಳು ಬಿದಿರುಕಡ್ಡಿಗಳನ್ನು ಸುತ್ತಲೂ ನಿಲ್ಲಿಸಿದ್ದಳು. ಅವನು ಎರಡೆರಡಾಗಿ ಎಣಿಸಿದ. ಒಂದು ಉಳಿಯಿತು.

“‘ಇದಕ್ಕೆ ಜೋಡಿಯಿಲ್ಲ. ತೆಗೆ,’ ಎಂದ.

“‘ತೆಗೆದರೆ ಬುಟ್ಟಿ ಆಗೋದಿಲ್ಲ, ಧಣಿ.’

“‘ಇಷ್ಟೊಂದು ಇವೆ. ಒಂದು ಹೋದರೆ ಏನಂತೆ?’

“ಅವಳು ವಾದ ಮಾಡಲಿಲ್ಲ. ಆ ಕಡ್ಡಿ ತೆಗೆದು, ಉದ್ದನೆಯ ಒಂದೇ ಬಿದಿರಿನ ಸೀಳು ಹಿಡಿದು ಹೆಣೆದಳು. ಸೀಳು ಒಂದು ಕಡ್ಡಿಯ ಮುಂದೆ ಹೋಯಿತು, ಪಕ್ಕದ್ದರ ಹಿಂದೆ ಹೋಯಿತು. ಎರಡನೆಯ ಸುತ್ತಿನಲ್ಲೂ ಮೊದಲು ಮುಂದೆ ಹೋದ ಕಡ್ಡಿಯ ಮುಂದೆಯೇ, ಹಿಂದೆ ಹೋದದ್ದರ ಹಿಂದೆಯೇ ಹೋಯಿತು. ಎಷ್ಟು ಸುತ್ತಿದರೂ ಅಷ್ಟೇ. ಒಂದು ಸುತ್ತು ಇನ್ನೊಂದನ್ನು ಹಿಡಿಯಲಿಲ್ಲ. ಎತ್ತಿದಾಗ ಎಲ್ಲ ಜಾರಿತು.

“ತೆಗೆದ ಕಡ್ಡಿಯನ್ನು ಮತ್ತೆ ನಿಲ್ಲಿಸಿದಳು. ಈಗ ಮೊದಲ ಸುತ್ತು ಮುಂದೆ ಹೋದಲ್ಲಿ ಎರಡನೆಯದು ಹಿಂದೆ ಹೋಯಿತು. ಬುಟ್ಟಿ ಬಿಗಿಯಿತು. ವ್ಯಾಪಾರಿ ಅದನ್ನು ತಿರುಗಿಸಿ ತಿರುಗಿಸಿ ನೋಡಿದ.

“‘ಆ ಹೆಚ್ಚಿನ ಕಡ್ಡಿ ಯಾವುದು?’

“‘ನೀವೇ ಹುಡುಕಿ ಧಣಿ. ಈಗ ನನಗೂ ಗೊತ್ತಾಗೋದಿಲ್ಲ,’ ಎಂದು ಅವಳು ನಕ್ಕಳು.”

ಶಿಷ್ಯೆ ಮುಂದಿದ್ದ ಬುಟ್ಟಿಯ ಕಡ್ಡಿಗಳನ್ನು ಎರಡೆರಡಾಗಿ ಎಣಿಸಿದಳು. ಒಂದು ಉಳಿಯಿತು. ಬೇರೆ ಕಡೆಯಿಂದ ಎಣಿಸಿದಳು. ಆಗ ಉಳಿದದ್ದು ಇನ್ನೊಂದು. ಅವಳು ಎದ್ದು ಬಂದ ದಾರಿಗೆ ತಿರುಗಿದಳು.

ಮದುವೆಮನೆ ಹತ್ತಿರವಾದಂತೆ ಅವಳ ನಡಿಗೆ ಮತ್ತೆ ನಿಧಾನವಾಯಿತು. ಚಪ್ಪರದ ಕಂಬದ ಮರೆಯಲ್ಲಿ ನಿಂತುಬಿಟ್ಟಳು. ಗುರುತಾಯಿ ಬಾಗಿಲಿಗೆ ಹೋಗಿ ಶಿಷ್ಯೆಯ ತಾಯಿಯ ಕೈಗೆ ಬುಟ್ಟಿ ಕೊಟ್ಟರು.

ತಾಯಿ ಬುಟ್ಟಿಯೊಳಗೆ ಇಣುಕಿದಳು. “ಅಮ್ಮಾವರೇ, ತುಂಬಿಕೊಟ್ಟ ಬುಟ್ಟಿಯನ್ನು ಯಾರಾದರೂ ಖಾಲಿ ತರುತ್ತಾರೆಯೇ?” ಎಂದು ಛೇಡಿಸಿದಳು.

ಗುರುತಾಯಿ ಕಂಬದ ಹಿಂದಿದ್ದವಳ ಕೈ ಹಿಡಿದು ಮುಂದೆ ನಿಲ್ಲಿಸಿದರು.

“ತುಂಬಿಯೇ ತಂದಿದ್ದೇನಮ್ಮ, ಎಣಿಸಿಕೋ.”